ಸಾಗರದ ಗೇಣಿ ಕಡತಗಳ ಲೇಖನ 11 ದಿನಕ್ಕೆ ವಾಪಸ್ ಬಂತು. ಮುಂದೆ ಎಂತ ಮಾಡಲಿ?

ದರೆ ಮೇಲಿನ ಸಿಗ್ನಲ್

ನಮಸ್ಕಾರ. ನಾನು ಸಾಗರ ತಾಲೂಕಿನವಳು. ಪದವಿ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಜೊತೆಗೆ ಪಿಎಚ್‌.ಡಿ. ನಡೆಯುತ್ತಿದೆ, ಇದು ಐದನೇ ವರ್ಷ. ವಿಷಯ ಗೇಣಿ ಮತ್ತು ಕಾನೂನು. ಗೇಣಿದಾರರು ಒಡೆಯರ ವಿರುದ್ಧ ನಿಂತ 1951ರ ಕಾಗೋಡು ಸತ್ಯಾಗ್ರಹದಿಂದ ಹಿಡಿದು, ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಆದಮೇಲೆ ಗೇಣಿದಾರರ ಹಕ್ಕು ತೀರ್ಮಾನಿಸೋಕೆ ಭೂ ನ್ಯಾಯಮಂಡಳಿಗಳು ಕೂತ ಕಾಲದವರೆಗೆ ನೋಡುತ್ತಿದ್ದೇನೆ.

ಅದರ ಒಂದು ಅಧ್ಯಾಯವನ್ನು ಇಂಗ್ಲಿಷಿನಲ್ಲಿ ಬರೆದು, ವಿದೇಶದ ಒಂದು ಕಾನೂನು ಇತಿಹಾಸದ ಪತ್ರಿಕೆಗೆ ಕಳಿಸಿದೆ. ಜುಲೈ ತಿಂಗಳು. ಮಳೆ ಅಂದರೆ ಮಳೆ. ಕರೆಂಟು ಹೋದರೆ ಎರಡು ದಿನ ಇಲ್ಲ. ಮನೆ ಹಿಂದಿನ ದರೆ ಹತ್ತಿ, ಕೊಡೆ ಹಿಡಿದು, ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಆ ಆನ್‌ಲೈನ್ ಅರ್ಜಿ ತುಂಬಿದೆ. ಮೂರು ಸಂಜೆ ಹಿಡಿಯಿತು. 11ನೇ ದಿನ ಉತ್ತರ ಬಂತು. ಎರಡೇ ಸಾಲು. ವಿಷಯ ಸ್ಥಳೀಯ ಆಸಕ್ತಿಯದ್ದು, ಕಾನೂನಿನ ಇತಿಹಾಸ ಓದುವವರಿಗೆ ಇದರಿಂದ ಏನು ಸಿಗುತ್ತದೆ ಎನ್ನುವುದು ಸ್ಪಷ್ಟವಿಲ್ಲ ಅಂತ. ತಜ್ಞರ ಕೈಗೆ ಕೊಟ್ಟೇ ಇಲ್ಲ.

ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಲಂಡನ್ನಿನ ಬೀದಿ ಜಗಳವಾದರೆ ಕಾನೂನಿನ ಇತಿಹಾಸ, ಗೇಣಿ ಭತ್ತ ಅಳೆಯುವ ಕಾಗೋಡಿನ ಕೊಳಗದ ಜಗಳವಾದರೆ ಸ್ಥಳೀಯ ಆಸಕ್ತಿ. ಹೀಗಾ?

ಈ ನಡುವೆ ವಾಟ್ಸಾಪಿನಲ್ಲಿ ಒಂದು ‘ಅಂತರರಾಷ್ಟ್ರೀಯ’ ಪತ್ರಿಕೆಯ ಮೆಸೇಜು. 3,500 ರೂಪಾಯಿ ಕಟ್ಟಿ, 7 ದಿನದಲ್ಲಿ ಪ್ರಕಟಣೆ, ಪ್ರಮಾಣಪತ್ರ ಬೇರೆ. ಜೊತೆಯಲ್ಲಿ ಕೆಲಸ ಮಾಡುವವರು ಸುಮ್ನೆ ಕಟ್ಟಿ ಮುಗಿಸು ಮಾರಾಯ್ತಿ ಅನ್ನುತ್ತಾರೆ.

ನನ್ನ ಪ್ರಶ್ನೆಗಳು: ಇದನ್ನು ಎಲ್ಲಿಗೆ ಕಳಿಸಬಹುದು? ಕನ್ನಡದ ಕೈಬರಹದ ದಾಖಲೆಗಳನ್ನು ಅಡಿಟಿಪ್ಪಣಿಯಲ್ಲಿ ಹೇಗೆ ತೋರಿಸೋದು? ಲೇಖಕರ ಗುರುತು ಸಿಗದಂತೆ ಫೈಲು ಕೊಡಿ ಅಂತಾರಲ್ಲ, ನನ್ನ ಊರು, ನನ್ನ ಅಜ್ಜನ ಫಾರಂ (ಗೇಣಿ ಜಮೀನಿನ ಹಕ್ಕುಪತ್ರ) ಎಲ್ಲ ಅದರಲ್ಲೇ ಇದ್ದರೆ ಏನು ಮಾಡೋದು? ಕಂಡವರು ಹೇಳಿ.

ಅಡಿಟಿಪ್ಪಣಿ

ಮೇಡಂ, ಮೊದಲು ಆ 3,500 ಕಟ್ಟಬೇಡಿ. ಪಿಎಚ್‌.ಡಿ. ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಲೇಬೇಕು ಅನ್ನುವ ಷರತ್ತು ಯುಜಿಸಿಯ 2022ರ ನಿಯಮಗಳಲ್ಲಿ ಇಲ್ಲ. ನಿಮ್ಮ ವಿಶ್ವವಿದ್ಯಾಲಯ ಸ್ವಂತದ್ದು ಇಟ್ಟುಕೊಂಡಿದೆಯಾ ಕೇಳಿ ನೋಡಿ. ‘ಯುಜಿಸಿ ಕೇರ್ ಪಟ್ಟಿಯಲ್ಲಿದೆ’, ಅಂದರೆ ಯುಜಿಸಿ ಒಪ್ಪಿದ ಪತ್ರಿಕೆಗಳ ಪಟ್ಟಿಯಲ್ಲಿದೆ ಅಂತ ಯಾರಾದರೂ ಆಸೆ ತೋರಿಸಿದರೆ, ಆ ಪಟ್ಟಿಯನ್ನೇ 2025ರಲ್ಲಿ ಯುಜಿಸಿ ಕೈಬಿಟ್ಟಿದೆ ಅಂತ ಹೇಳಿ. ಏಳು ದಿನದಲ್ಲಿ ಯಾರೂ ಓದಿ ಅಭಿಪ್ರಾಯ ಬರೆಯೋದಿಲ್ಲ. ನನ್ನದೊಂದು ಲೇಖನ ಮೊದಲ ಸಲ ತಜ್ಞರಿಂದ ವಾಪಸ್ ಬರೋಕೆ 8 ತಿಂಗಳು ಹಿಡಿಯಿತು, ಅದೂ ‘ತಿದ್ದಿ ಮತ್ತೆ ಕಳಿಸಿ’ ಅಂತ.

ನಾನು ಶಿಕಾರಿಪುರದ ಕಡೆಯವನು. ಈಗ ಬೆಂಗಳೂರಿನಲ್ಲಿ ಕಾನೂನು ಪಾಠ ಮಾಡುತ್ತೇನೆ. ಪ್ರಕಟವಾದದ್ದು ನಾಲ್ಕು, ವಾಪಸ್ ಬಂದದ್ದು ಅದಕ್ಕಿಂತ ಜಾಸ್ತಿ. 11 ದಿನಕ್ಕೆ ಬಂದ ನಿರಾಕರಣೆಯಲ್ಲಿ ಒಂದು ಉಪಕಾರ ಇದೆ, ಕಾಯಿಸಿ ಕೊಲ್ಲಲಿಲ್ಲ.

ಪತ್ರಿಕೆಗಳ ವಿಷಯ. ಅಮೆರಿಕದ ಕಾನೂನು ಇತಿಹಾಸ ಸಂಘದ್ದು ‘ಲಾ ಅಂಡ್ ಹಿಸ್ಟರಿ ರಿವ್ಯೂ’, ಕೇಂಬ್ರಿಜ್ ಪ್ರೆಸ್ ತರುತ್ತದೆ. ದಕ್ಷಿಣ ಏಷ್ಯಾದ ಲೇಖನಗಳು ಅದರಲ್ಲಿ ಬರುತ್ತವೆ. ಬ್ರಿಟನ್ನಿನ ‘ಜರ್ನಲ್ ಆಫ್ ಲೀಗಲ್ ಹಿಸ್ಟರಿ’ಗೆ ಇಂಗ್ಲೆಂಡಿನ ಕಾನೂನು ಪರಂಪರೆಯ ಕಡೆ ಒಲವು ಜಾಸ್ತಿ. ನಮ್ಮ ದೇಶದ್ದೇ ಬೇಕು ಅಂದರೆ ‘ಇಂಡಿಯನ್ ಎಕನಾಮಿಕ್ ಅಂಡ್ ಸೋಷಿಯಲ್ ಹಿಸ್ಟರಿ ರಿವ್ಯೂ’ ಇದೆ, 1963ರಿಂದ ಬರುತ್ತಿದೆ. ಗೇಣಿ, ಕಂದಾಯ ಅಂದರೆ ಅಲ್ಲಿ ಯಾರಿಗೂ ಅ ಆ ಇ ಈ ಹೇಳಿಕೊಡಬೇಕಿಲ್ಲ. ಯಾವುದಕ್ಕೇ ಕಳಿಸಿ, ಒಂದು ಸಲಕ್ಕೆ ಒಂದಕ್ಕೇ. ಎರಡು ಕಡೆ ಒಟ್ಟಿಗೆ ಕಳಿಸಿ ಸಿಕ್ಕಿಬಿದ್ದರೆ ಎರಡೂ ಹೋಯಿತು. ಕಳೆದ ಎರಡು ವರ್ಷದ ಸಂಚಿಕೆಗಳ ವಿಷಯಸೂಚಿ ಓದಿ. ನಿಮ್ಮ ಲೇಖನ ಅಲ್ಲಿ ಯಾರ ಪಕ್ಕ ಕೂರುತ್ತದೆ ಅಂತ ಹೇಳೋಕೆ ಆಗದಿದ್ದರೆ ಅದು ನಿಮ್ಮ ಪತ್ರಿಕೆ ಅಲ್ಲ.

ಆದರೆ ಪತ್ರಿಕೆ ಬದಲಿಸಿದ ಮಾತ್ರಕ್ಕೆ ಆಗೋದಿಲ್ಲ ಅಂತ ನನ್ನ ಅನುಮಾನ. ಲೇಖನದ ಮೊದಲ ಪ್ಯಾರಾ ಇಲ್ಲಿ ಹಾಕುತ್ತೀರಾ? ಕನ್ನಡದಲ್ಲೇ ಸಾಕು.

ದರೆ ಮೇಲಿನ ಸಿಗ್ನಲ್

ಹಾಕುತ್ತೇನೆ ಸರ್, ನಗಬಾರದು.

‘ಪಶ್ಚಿಮ ಘಟ್ಟದ ಮಡಿಲಲ್ಲಿರುವ ಶಿವಮೊಗ್ಗ ಜಿಲ್ಲೆಗೆ ಶ್ರೀಮಂತ ಇತಿಹಾಸವಿದೆ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಜಾರಿಗೆ ತಂದ ಶಿಸ್ತು ಎಂಬ ಕಂದಾಯ ಪದ್ಧತಿ ಪ್ರಸಿದ್ಧವಾಗಿದೆ. ನಂತರ ಈ ಪ್ರದೇಶವು ಹೈದರ್, ಟಿಪ್ಪು ಮತ್ತು ಮೈಸೂರು ಒಡೆಯರ ಆಳ್ವಿಕೆಗೆ ಒಳಪಟ್ಟಿತು...’

ಹೀಗೆ 1830ರ ನಗರದ ದಂಗೆ, 1831ರಲ್ಲಿ ಬ್ರಿಟಿಷರು ಆಡಳಿತ ವಹಿಸಿಕೊಂಡದ್ದು, 1881ರಲ್ಲಿ ವಾಪಸ್ ಕೊಟ್ಟದ್ದು ಎಲ್ಲ ಮುಗಿದು ಕಾಗೋಡು ಬರೋದು 7ನೇ ಪುಟಕ್ಕೆ. ಭೂ ನ್ಯಾಯಮಂಡಳಿ 15ಕ್ಕೆ.

ಹೊಸನಗರದ ಕೊನೇ ಬಸ್ಸು

ನಗಬಾರದು ಅಂದಿದ್ದಕ್ಕೇ ನಗು ಬಂತು. ಇದು ಕೆಳದಿ ದೇವಸ್ಥಾನದ ಎದುರಿನ ಪ್ರವಾಸೋದ್ಯಮ ಬೋರ್ಡು ಇದ್ದಂಗಿದೆ ಅಕ್ಕಾ.

ಅಡಿಟಿಪ್ಪಣಿ

ತಮ್ಮಾ, ಸುಮ್ಮನಿರು. ನಾವೆಲ್ಲ ಹೀಗೇ ಶುರು ಮಾಡಿದವರು. ನಮಗೆ ಪಾಠ ಮಾಡಿದವರೂ ‘ಪೀಠಿಕೆ’ ಅಂತ ಇದನ್ನೇ ಕಲಿಸಿದ್ದು.

ಮೇಡಂ, ಸಂಪಾದಕರು ಓದಿದ್ದು ಬಹುಶಃ ಸಾರಾಂಶ ಮತ್ತು ಮೊದಲ ಮೂರು ಪುಟ. ಆ ಮೂರು ಪುಟದಲ್ಲಿ ಶಿವಪ್ಪನಾಯಕ ಇದ್ದಾನೆ, ನಿಮ್ಮ ಪ್ರಶ್ನೆ ಇಲ್ಲ. ಅವರು ಊರು ಸಣ್ಣದು ಅಂತ ವಾಪಸ್ ಕಳಿಸಲಿಲ್ಲ ಅಂತ ಕಾಣುತ್ತದೆ. ಒಂದೇ ಹಳ್ಳಿ, ಒಂದೇ ಕೇಸು ಹಿಡಿದು ಬರೆದ ಒಳ್ಳೆಯ ಕಾನೂನು ಇತಿಹಾಸಗಳು ಬೇಕಾದಷ್ಟಿವೆ. ಆ ಲೇಖನಗಳಲ್ಲಿ ಮೊದಲ ಪುಟದಲ್ಲೇ ಒಂದು ಕಾನೂನಿನ ಗಂಟು ಕಾಣುತ್ತದೆ. ನಿಮ್ಮ ಗಂಟು ಯಾವುದು? ಹೋರಾಟ ನಡೆಯಿತು, ಲೋಹಿಯಾ ಬಂದು ಬಂಧನಕ್ಕೆ ಒಳಗಾದರು, 1952ರಲ್ಲಿ ಗೇಣಿ ಕಾಯ್ದೆ ಬಂತು, 1961ರಲ್ಲಿ ಭೂಸುಧಾರಣಾ ಕಾಯ್ದೆ, 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಇದು ಗೊತ್ತಿರುವ ಕಥೆ. ಕಡತ ಓದಿದವರು ನೀವು. ಅದರೊಳಗೆ ನಿಮ್ಮನ್ನು ನಿಲ್ಲಿಸಿದ್ದು ಏನು?

ಉಳಿದ ಪ್ರಶ್ನೆಗಳಿಗೆ ಗಡಿಬಿಡಿಯಲ್ಲಿ ಉತ್ತರ. ಕನ್ನಡ ದಾಖಲೆಯ ಹೆಸರನ್ನು ರೋಮನ್ ಲಿಪಿಯಲ್ಲಿ ಕೊಟ್ಟು, ಪಕ್ಕದಲ್ಲಿ ನಿಮ್ಮ ಅನುವಾದ ಕೊಡಿ. ಯಾವ ಕಚೇರಿ, ಯಾವ ವರ್ಷ, ಯಾವ ಕಡತ, ಯಾವ ಹಾಳೆ ಅಂತ ಇನ್ನೊಬ್ಬರು ಹೋಗಿ ಹುಡುಕುವಷ್ಟು ಬರೆಯಿರಿ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಒಂದಕ್ಷರವೂ ಇರಬಾರದು, ಎಲ್ಲ ಯೂನಿಕೋಡ್. ಒಮ್ಮೆ ನನ್ನ ‘ಗೇಣಿ ಚೀಟಿ’ ಅವರ ಪಿಡಿಎಫ್‌ನಲ್ಲಿ ಡಾಲರ್ ಚಿಹ್ನೆ, ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗಿತ್ತು. ತಜ್ಞರು ಅದನ್ನೇ ಒಂದು ಆಕ್ಷೇಪಣೆ ಮಾಡಿದ್ದರು.

ಗುರುತು ಮುಚ್ಚೋದು ಅಂದರೆ ಹೆಸರು ತೆಗೆದರೆ ಮುಗಿಯಲಿಲ್ಲ. ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ನಿಮ್ಮ ಹೆಸರು ಕೂತಿರುತ್ತದೆ, ಅಳಿಸಿ. ಕೃತಜ್ಞತೆಯ ಸಾಲು ತೆಗೆದು ಬೇರೆ ಹಾಳೆಗೆ ಹಾಕಿ. ನಿಮ್ಮ ಹಳೇ ಲೇಖನವನ್ನು ಉಲ್ಲೇಖಿಸುವಾಗ ‘ನಾನು ಹಿಂದೆ ಹೇಳಿದಂತೆ’ ಅನ್ನಬೇಡಿ, ಬೇರೆಯವರದ್ದು ಅನ್ನುವ ಹಾಗೆ ಬರೆಯಿರಿ. ಅಜ್ಜನ ಫಾರಂ ವಿಚಾರವನ್ನು ಸಂಪಾದಕರಿಗೆ ಬರೆಯುವ ಪತ್ರದಲ್ಲಿ ನೇರ ಹೇಳಿಬಿಡಿ. ಒಪ್ಪಿಗೆ ಆದಮೇಲೆ ಅಡಿಟಿಪ್ಪಣಿಯಲ್ಲೂ ಬರಲಿ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಕಷ್ಟ.

ಕರಿಕೋಟು

ನಾನು ತೀರ್ಥಹಳ್ಳಿ ಕಡೆಯವನು, ನಿವೃತ್ತ ವಕೀಲ. ಪತ್ರಿಕೆಗಳ ವಿಷಯ ನನಗೆ ಗೊತ್ತಿಲ್ಲ. ನ್ಯಾಯಮಂಡಳಿಯ ವಿಷಯ ಗೊತ್ತು. 1976ರಲ್ಲಿ ಸನ್ನದು ತಗೊಂಡೆ. ಕೋಟು ಹೊಲಿಸಿ ತಂದರೆ, ಭೂ ನ್ಯಾಯಮಂಡಳಿಯೊಳಗೆ ವಕೀಲರಿಗೆ ಪ್ರವೇಶವೇ ಇಲ್ಲ. ಕಾಯ್ದೆಯ 48ನೇ ಕಲಮಿನಲ್ಲೇ ಹಾಗೆ ಬರೆದಿದ್ದರು. ಒಳಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ಹೆಸರಿಸಿದ ನಾಲ್ಕು ಜನ ಸದಸ್ಯರು. ನಾವು ಎದುರಿನ ಹೋಟೆಲಿನಲ್ಲಿ ಕೂತು, ಕಕ್ಷಿದಾರನಿಗೆ ಚಾ ಕುಡಿಸಿ, ಹೀಗೆ ಹೇಳು ಹಾಗೆ ಹೇಳು ಅಂತ ಪಾಠ ಮಾಡಿ ಕಳಿಸೋದು. ಒಳಗೆ ಹೋದವನು ನಾವು ಹೇಳಿದ್ದು ಬಿಟ್ಟು ತನಗೆ ತೋಚಿದ್ದು ಹೇಳಿ ಬರುತ್ತಿದ್ದ. ಹಲವು ಸಲ ಅದೇ ಒಳ್ಳೇದಾಗುತ್ತಿತ್ತು. ಆ ನಿರ್ಬಂಧ ನಿಲ್ಲೋದಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿದ್ದು 1987ರಲ್ಲಿ. ಅಷ್ಟರಲ್ಲಿ ನಮ್ಮ ಕಡೆ ಎಷ್ಟೋ ಕೇಸು ಮುಗಿದಿತ್ತು.

ಯಾವ ಕಡೆಯವರ ವಕೀಲನಾಗಿದ್ದೆ ಅಂತ ಈಗ ಕೇಳಬೇಡಿ.

ಅಲ್ಲಿನ ನಿಜವಾದ ತೊಂದರೆ ಸಾಕ್ಷ್ಯದ್ದು. ಗೇಣಿ ಕೊಟ್ಟದ್ದಕ್ಕೆ ಚೀಟಿ ಕೊಡುವ ಒಡೆಯ ಯಾರು ಮಾರಾಯ್ರೆ? ಭತ್ತ ಅಳೆದು ಕೊಟ್ಟು, ಕಣದಲ್ಲಿ ಕೈಮುಗಿದು ಬರೋದು. ಹಾಗಾಗಿ ಎಲ್ಲರೂ ಓಡುತ್ತಿದ್ದದ್ದು ಪಹಣಿಗೆ. ಅದರಲ್ಲಿ 12(2)ನೇ ಕಾಲಂ, ಸಾಗುವಳಿ ಮಾಡುವವನ ಹೆಸರು. ಅಲ್ಲಿ ಹೆಸರು ಬಿದ್ದಿದ್ದರೆ 1964ರ ಭೂಕಂದಾಯ ಕಾಯ್ದೆ ಪ್ರಕಾರ ಅದು ಸರಿ ಅಂತಲೇ ಹಿಡಿಯಬೇಕು, ತಪ್ಪು ಅನ್ನುವವನು ತೋರಿಸಬೇಕು. ಆ ಕಾಲಂನಲ್ಲಿ ಹೆಸರು ಬರೆಯುವವನು ಶಾನುಭೋಗ, ಆಮೇಲೆ ಗ್ರಾಮಲೆಕ್ಕಿಗ. ಅವನು ಯಾರ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದ ಅನ್ನೋದರ ಮೇಲೆ ನಿಂತಿತ್ತು ಎಲ್ಲ. ‘ಖುದ್ದು’, ಅಂದರೆ ಒಡೆಯನೇ ಸಾಗುವಳಿ ಮಾಡುತ್ತಾನೆ ಅಂತ ಒಂದು ಶಬ್ದ ಬಿದ್ದರೆ ಗೇಣಿದಾರ ಕಾಗದದಲ್ಲಿ ಸತ್ತ.

ತಂಗಿ, ಇನ್ನೊಂದು ಮಾತು. ಮೊದಲ ಸುತ್ತಿನ ಆದೇಶಗಳು ಬಹಳ ಸಣ್ಣವು. ಕೆಲವು ಅರ್ಧ ಹಾಳೆ, ಸೈಕ್ಲೋಸ್ಟೈಲ್ ಮಾಡಿದ್ದರಲ್ಲಿ ಹೆಸರು, ಸರ್ವೆ ನಂಬರು ತುಂಬಿದ್ದು. ಅಪೀಲಿಗೆ ದಾರಿ ಇರಲಿಲ್ಲ, ಜನ ರಿಟ್ ಹಾಕಿಕೊಂಡು ಹೈಕೋರ್ಟಿಗೆ ಹೋದರು. ಕಾರಣ ಬರೆದಿಲ್ಲ, ಸಾಕ್ಷಿ ಸರಿಯಾಗಿ ಕೇಳಿಲ್ಲ ಅಂತ ಹೈಕೋರ್ಟು ಎಷ್ಟೋ ಕೇಸು ಮತ್ತೆ ವಿಚಾರಿಸಿ ಅಂತ ವಾಪಸ್ ಕಳಿಸಿತು. ಆ ವಾಪಸ್ ಬಂದ ಕಡತಗಳನ್ನು ಹುಡುಕಿ. ಅವು ದಪ್ಪ ಇರುತ್ತವೆ. ಎರಡನೇ ಸಲ ಸಾಕ್ಷಿ ಹೇಳಿದ್ದನ್ನು ಉದ್ದಕ್ಕೆ ಬರೆದುಕೊಂಡಿರುತ್ತಾರೆ. ರೆಕಾರ್ಡ್ ರೂಮಿನಲ್ಲಿ ‘ಪುನರ್ ವಿಚಾರಣೆ’ ಅಂತ ಬೇರೆ ಕಟ್ಟು ಇದ್ದರೆ ಅದೇ ನಿಮ್ಮ ಗಣಿ.

ದರೆ ಮೇಲಿನ ಸಿಗ್ನಲ್

ಸರ್, ಈ ಮಾತು ಓದಿ ಟಿಪ್ಪಣಿ ಪುಸ್ತಕ ತೆಗೆದೆ. ಅಂಥ ದಪ್ಪ ಕಡತ ನಾನು ಮೂರು ನೋಡಿದ್ದೇನೆ. ಯಾಕೆ ದಪ್ಪ ಅಂತ ಗೊತ್ತಿರಲಿಲ್ಲ. ಗೆದ್ದಲು ಕಮ್ಮಿ ತಿಂದಿದೆ ಅಂದುಕೊಂಡಿದ್ದೆ.

ಒಂದರಲ್ಲಿ ಹೀಗಿದೆ. ಒಡೆಯರ ಕಡೆಯವರು, ಇವನು ನಮ್ಮ ಕೂಲಿಯವನು, ಗೇಣಿದಾರ ಅಲ್ಲ ಅಂದಿದ್ದಾರೆ. ಪಹಣಿಯಲ್ಲಿ ಖುದ್ದು ಅಂತಲೇ ಇದೆ. ಚೀಟಿ ಇಲ್ಲ. ಆಗ ಒಬ್ಬ ಸದಸ್ಯರು ಗೇಣಿದಾರನನ್ನು ಕೇಳುತ್ತಾರೆ, ಗೇಣಿ ಯಾವ ಕೊಳಗದಲ್ಲಿ ಅಳೆದು ಕೊಡುತ್ತಿದ್ದೆ? ಅವನು, ಅವರ ಮನೆ ಕೊಳಗದಲ್ಲಿ ಅನ್ನುತ್ತಾನೆ. ಅದು ಅಂಗಡಿ ಕೊಳಗಕ್ಕಿಂತ ಎಷ್ಟು ದೊಡ್ಡದು, ಬಾಯಿಗೆ ಕಬ್ಬಿಣದ ಪಟ್ಟಿ ಇದೆಯೋ ಇಲ್ಲವೋ, ಒಂದು ಕಡೆ ಬಿರುಕು ಬಿಟ್ಟಿದ್ದಕ್ಕೆ ಅರಗು ಮೆತ್ತಿದ್ದು, ಎಲ್ಲ ಹೇಳುತ್ತಾನೆ. ಕೂಲಿಯವನಾಗಿದ್ದರೆ ಇವನಿಗೆ ಕೊಳಗದ ಸುದ್ದಿ ಇಷ್ಟು ಗೊತ್ತಿರುತ್ತಿರಲಿಲ್ಲ ಅಂತ ಆದೇಶದಲ್ಲಿ ಒಂದು ಸಾಲು ಬರೆದು, ಅಧಿಭೋಗದ ಹಕ್ಕು, ಅಂದರೆ ಜಮೀನು ಅವನ ಹೆಸರಿಗೇ, ಕೊಟ್ಟಿದ್ದಾರೆ.

ಇದು ನನ್ನ ಲೇಖನದ 19ನೇ ಪುಟದಲ್ಲಿದೆ.

ಅಡಿಟಿಪ್ಪಣಿ

19ನೇ ಪುಟದಲ್ಲಾ!

ಮೇಡಂ, ಅದೇ ನಿಮ್ಮ ಗಂಟು. 1951ರಲ್ಲಿ ಯಾವ ದೊಡ್ಡ ಕೊಳಗದ ವಿರುದ್ಧ ಜನ ಸತ್ಯಾಗ್ರಹದ ಮುಂದಾಳು ಗಣಪತಿಯಪ್ಪನವರ ಹಿಂದೆ ನಿಂತರೋ, ಅಂಥದೇ ಕೊಳಗ ಕಾಲು ಶತಮಾನ ಆದಮೇಲೆ ಒಬ್ಬ ಗೇಣಿದಾರನ ಸಾಕ್ಷಿಯಾಗಿ ನಿಂತಿದೆ. ಅನ್ಯಾಯ ಮಾಡಿದ ಅಳತೆಯೇ ಹಕ್ಕಿನ ರುಜುವಾತು. ಕಾಗದ ಇಲ್ಲದ ಕಡೆ, ಕಾಗದ ಸುಳ್ಳು ಹೇಳುವ ಕಡೆ, ನ್ಯಾಯಮಂಡಳಿ ಯಾವುದನ್ನು ಸಾಕ್ಷ್ಯ ಅಂತ ಒಪ್ಪಿತು? ಈ ಪ್ರಶ್ನೆ ಕೀನ್ಯಾದವರಿಗೂ ಬೇಕು, ಐರ್ಲೆಂಡಿನವರಿಗೂ ಬೇಕು. ಇದನ್ನು ಮೊದಲ ವಾಕ್ಯಕ್ಕೆ ತನ್ನಿ. ಶಿವಪ್ಪನಾಯಕನಿಗೆ ನಮಸ್ಕಾರ ಹೇಳಿ ಕಳಿಸಿಕೊಡಿ.

ಆದರೆ ಒಂದೇ ಕಡತ ಇಟ್ಟುಕೊಂಡು ‘ನ್ಯಾಯಮಂಡಳಿಗಳು ಹೀಗೆ ಮಾಡುತ್ತಿದ್ದವು’ ಅನ್ನಬೇಡಿ. ಉಳಿದ ಎರಡರಲ್ಲಿ ಏನಿದೆ? ಕೊಳಗ ಬಾರದ ಕೇಸಿನಲ್ಲಿ ಏನು ಕೇಳಿದರು? ಗೇಣಿದಾರ ಸೋತ ಕಡತವೂ ಬೇಕು. ಗೆದ್ದವರದ್ದೇ ತೋರಿಸಿದರೆ ತಜ್ಞರು ಮೊದಲು ಅಲ್ಲೇ ಹಿಡಿಯುತ್ತಾರೆ.

ಇನ್ನೊಂದು ಸಣ್ಣದು, ಆದರೆ ಮುಖ್ಯ. ನಿಮ್ಮ ಇಂಗ್ಲಿಷಿನಲ್ಲಿ ಜಮೀನ್ದಾರ ‘ಒಡೆಯ’ರಿಗೂ ಮೈಸೂರು ಅರಸರಾದ ಒಡೆಯರಿಗೂ ಸ್ಪೆಲಿಂಗಿನಲ್ಲಿ ವ್ಯತ್ಯಾಸ ಇದೆಯಾ? ಓದಿದವರು ಮಹಾರಾಜರೇ ಕಾಗೋಡಿಗೆ ಬಂದು ಭತ್ತ ಅಳೆಸಿಕೊಂಡರು ಅಂದುಕೊಂಡಾರು. ಹಾಗೇ ಸಾಗರ ಬ್ರಿಟಿಷ್ ಇಂಡಿಯಾದಲ್ಲಿ ಇರಲಿಲ್ಲ, ಮೈಸೂರು ಸಂಸ್ಥಾನದಲ್ಲಿ ಇತ್ತು, ಬಂಗಾಳದ 1885ರ ಗೇಣಿ ಕಾಯ್ದೆ ಇಲ್ಲಿಗೆ ಅನ್ವಯ ಆಗಲಿಲ್ಲ ಅಂತ ಎರಡು ಸಾಲು ಬೇಕು. ಏಳು ಪುಟ ಬೇಡ.

ಹೊಸನಗರದ ಕೊನೇ ಬಸ್ಸು

ಅಕ್ಕಾ, ಗೂಗಲ್ ಅನುವಾದ ನಂಬಬೇಡಿ. ನಾನು ಅಡಿಕೆ ತೋಟದ ಸೊಪ್ಪಿನ ಬೆಟ್ಟದ ಹಕ್ಕಿನ ಬಗ್ಗೆ ಎಂಎ ಪ್ರಬಂಧ ಬರೆದಾಗ ‘ಲೀಫ್ ಮೌಂಟನ್’ ಅಂತ ಹೋಗಿತ್ತು. ಬೆಟ್ಟ ಅಂದರೆ ನಮ್ಮಲ್ಲಿ ಸೊಪ್ಪು ತರುವ ಕಾಡು ಅಂತ ಮೌಖಿಕ ಪರೀಕ್ಷೆಯಲ್ಲಿ ವಿವರಿಸೋಕೇ ಹತ್ತು ನಿಮಿಷ ಹೋಯಿತು.

ದರೆ ಮೇಲಿನ ಸಿಗ್ನಲ್

ಎಲ್ಲರಿಗೂ ವರದಿ. ಮೂರು ವಾರ ಆಯಿತು. ಮೊದಲ 14 ಪುಟ ಕಿತ್ತು ಎರಡು ಪುಟ ಮಾಡಿದೆ. ಕರುಳು ಕಿತ್ತ ಹಾಗಾಯಿತು, ಶಿವಪ್ಪನಾಯಕನ ಶಿಸ್ತಿನ ಮೇಲೆ ಒಂದು ವರ್ಷ ಕೂತಿದ್ದೆ. ಆ ಭಾಗವನ್ನು ಕನ್ನಡದಲ್ಲಿ ಬೇರೆ ಲೇಖನ ಮಾಡುತ್ತೇನೆ.

ಸೋತ ಗೇಣಿದಾರರ ಕಡತ ಎರಡು ಸಿಕ್ಕವು. ಒಂದರಲ್ಲಿ ವಿಧವೆ ಒಬ್ಬರು ಅರ್ಜಿ ಹಾಕಿದ್ದಾರೆ. ಅವರನ್ನೂ ಕೊಳಗದ ವಿಷಯ ಕೇಳಿದ್ದಾರೆ. ಅಳತೆಗೆ ಗಂಡಸರು ಹೋಗುತ್ತಿದ್ದರು, ನನಗೆ ಗೊತ್ತಿಲ್ಲ ಅಂದಿದ್ದಾರೆ. ನಾಟಿ, ಕಳೆ, ಕೊಯ್ಲು ಎಲ್ಲ ತಾನೇ ಮಾಡಿದ್ದು ಅಂತ ಹೇಳಿದ್ದು ದಾಖಲಾಗಿದೆ. ಆದರೂ ಅರ್ಜಿ ವಜಾ. ಇದನ್ನು ಓದಿದ ದಿನ ಕಚೇರಿಯಿಂದ ಹೊರಗೆ ಬಂದು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಈಗ ಲೇಖನದ ಎರಡನೇ ಅರ್ಧ ಅವರದ್ದೇ. ಕೊಳಗ ಒಬ್ಬನಿಗೆ ಹಕ್ಕು ಕೊಡಿಸಿತು, ಇನ್ನೊಬ್ಬರದ್ದು ಕಸಿಯಿತು. ಇಬ್ಬರ ಹೆಸರೂ ಹಾಕುತ್ತಿಲ್ಲ. ಮೊಮ್ಮಕ್ಕಳು ಅದೇ ಊರಿನಲ್ಲಿದ್ದಾರೆ.

ಅಜ್ಜನ ಫಾರಂ ನಂಬರ್ 10 ಲೇಖನದಿಂದ ತೆಗೆದೆ. ಟ್ರಂಕಿಗೆ ವಾಪಸ್ ಹೋಯಿತು. ಅದು ವಾದಕ್ಕೆ ಬೇಕಿರಲಿಲ್ಲ, ನನಗೆ ಬೇಕಿತ್ತು ಅಷ್ಟೇ.

ಒಂದು ಅನುಮಾನ ಉಳಿದಿದೆ. ಕೊಳಗವನ್ನು ಇಂಗ್ಲಿಷಿನಲ್ಲಿ ಏನು ಅನ್ನಲಿ? 20 ಕೊಳಗಕ್ಕೆ ಒಂದು ಖಂಡುಗ ಅಂತ ಬರೆದರೂ ಓದುವವರಿಗೆ ಗಾತ್ರ ಸಿಗೋದಿಲ್ಲ. ಲೀಟರಿನಲ್ಲಿ ಹೇಳೋಣ ಅಂದರೆ ಊರಿಂದ ಊರಿಗೆ ಬೇರೆ. ಅದೇ ತಾನೇ ಜಗಳ.

ಅಡಿಟಿಪ್ಪಣಿ

ಕೊಳಗ ಅಂತಲೇ ಇಡಿ, ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ. ಗಾತ್ರ ನಿಗದಿಯಾಗಿರಲಿಲ್ಲ ಅನ್ನೋದೇ ವಿವರಣೆ. ಪದಮಿತಿ ಅಡಿಟಿಪ್ಪಣಿ ಸೇರಿಸಿಯೋ ಬಿಟ್ಟೋ ಅಂತ ಆ ಪತ್ರಿಕೆಯ ಸೂಚನೆ ಇನ್ನೊಮ್ಮೆ ನೋಡಿ, ಆ ವಿಧವೆಯ ಭಾಗ ಮಾತ್ರ ಕಡಿಮೆ ಮಾಡಬೇಡಿ. ಒಂದು ಚಿತ್ರ ಇದ್ದರೆ ಚೆನ್ನಾಗಿತ್ತು. ಹಳೇ ಕೊಳಗ ಯಾರ ಮನೆಯಲ್ಲಾದರೂ ಇದೆಯಾ?

ಕರಿಕೋಟು

ನಮ್ಮ ಮನೆಯಲ್ಲಿದೆ. ಅಟ್ಟದ ಮೇಲೆ. ಎರಡು.

ಒಂದು ಸಣ್ಣದು, ಒಂದು ದೊಡ್ಡದು. ನಮ್ಮದು ಒಡೆಯರ ಮನೆ ತಂಗಿ. ಯಾವುದು ಕೊಡೋಕೆ, ಯಾವುದು ತಗೊಳ್ಳೋಕೆ ಅಂತ ಅಪ್ಪ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಂದು ಅಳತೆ ತಗೊಳ್ಳಿ, ಫೋಟೋ ತೆಗೀರಿ. ಊರಿನ ಹೆಸರು ಮಾತ್ರ ಹಾಕಬೇಡಿ.

ದರೆ ಮೇಲಿನ ಸಿಗ್ನಲ್

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ ಸರ್. ಅಳೆಯೋಕೆ ಭತ್ತ ನಾನೇ ತರುತ್ತೇನೆ.